ಮುಸರ್ರತ್ ಮೇಡಂ ಲೇತ್ ಕೊಂಡದ್ದು

ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದ ಮುಸರ್ರತ್‌ಗೆ ಐವತ್ತೆರಡನೇ ವಯಸ್ಸಿನಲ್ಲಿ ಒಂದು ಹಳೇ ಲೇತ್ ಮಿಷಿನ್ ಕೊಳ್ಳಬೇಕು ಅನ್ನಿಸಿತು. ಅದರಿಂದ ಸಂಪಾದನೆ ಮಾಡುವ ಯೋಚನೆಯೇನೂ ಇರಲಿಲ್ಲ. ಒಂದು ಹಿತ್ತಾಳೆ ತುಂಡನ್ನು ಅದರ ತಿರುಗುವ ದವಡೆಗೆ, ಚಕ್ ಅನ್ನುತ್ತಾರಲ್ಲ ಅದಕ್ಕೆ, ಕಚ್ಚಿಸಿ, ಗಿರ್ರನೆ ತಿರುಗಿಸಿ, ಟೂಲ್ ತಾಗಿಸಿ ಕಡೆಯಬೇಕು. ಭಾನುವಾರ ಬಂದರೆ ಅದರ ಮುಂದೆ ನಿಂತಿರಬೇಕು. ಅಷ್ಟೇ ಆಸೆ.

ಗಂಡ ವಾಸಿಫ್‌ಗೆ ಇದು ವಿಚಿತ್ರವಾಗಿ ಕಾಣಲಿಲ್ಲ. ಆತ ರೇಷ್ಮೆ ನೂಲು ತೆಗೆಸುವ ರೀಲರ್. ದಿನಾ ಬೆಳಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಅಂತ ಹೇಳುವ ಮನುಷ್ಯ. ಹೆಂಡತಿ ಮೂರು ವರ್ಷದಿಂದ ಊಟವಾದ ಮೇಲೆ ಮೊಬೈಲಿನಲ್ಲಿ ಲೇತಿನ ವಿಡಿಯೋಗಳನ್ನು ನೋಡುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಬೀರುವಿನಲ್ಲಿ ಬಳೆಗಳ ಡಬ್ಬಿಯ ಪಕ್ಕ ಸೂಕ್ಷ್ಮ ಅಳತೆಗೆ ಬೇಕಾದ ಒಂದು ಮೈಕ್ರೋಮೀಟರು, ಒಂದು ಡಯಲ್ ಗೇಜು ಬಂದು ಕೂತದ್ದನ್ನೂ ನೋಡಿದ್ದ.

"ಬೇಕು ಅನ್ಸಿದ್ರೆ ತಗೋ. ಹಿತ್ತಲಲ್ಲಿ ಹಳೇ ಚರಕದ ಶೆಡ್ಡು ಖಾಲಿ ಬಿದ್ದಿದೆ," ಅಂದ. "ನೋಡೋಕೆ ಹೋಗೋವಾಗ ಆಸಿಮ್‌ನ ಕರ್ಕೊಂಡು ಹೋಗು. ಅವನಿಗಿಂತ ಗೊತ್ತಿರೋರು ಯಾರಿದ್ದಾರೆ?"

ಆಸಿಮ್ ಅಂದರೆ ಮುಸರ್ರತ್‌ನ ತಮ್ಮ. ಆ ಹೆಸರು ಬಂದ ಕೂಡಲೇ ಅವಳ ಮುಖ ಬಿಗಿಯಿತು. "ಅವನು ಯಾಕೆ? ನಂಗೆ ಗೊತ್ತಿಲ್ವಾ?" ಅಂದಳು.

ಅಕ್ಕ ತಮ್ಮನ ಅಪ್ಪ ಷರೀಫ್ ಸಾಬರು ಚಿಂತಾಮಣಿಯಲ್ಲಿ ಟರ್ನರ್ ಆಗಿದ್ದವರು. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದೇ ಲೇತಿನ ಅಂಗಡಿ. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ನೂಲಿನ ಮಿಷಿನ್ನಿನ ರೋಲರು, ಏನೇ ಸವೆದು ಬಂದರೂ ಅವರ ಕೈಗೆ ಬಂದ ಮೇಲೆ ಹೊಸದಾಗಿ ಹೋಗುತ್ತಿತ್ತು. ಸ್ಕೂಲಿನಿಂದ ಬಂದು ಅಪ್ಪನಿಗೆ ಊಟದ ಕ್ಯಾರಿಯರ್ ಕೊಂಡೊಯ್ಯುವುದು ಮುಸರ್ರತ್‌ನ ಕೆಲಸ. ಕೊಟ್ಟು ಬರಬೇಕಾದವಳು ಹೊಸ್ತಿಲಲ್ಲಿ ನಿಂತುಬಿಡುತ್ತಿದ್ದಳು. ಟೂಲಿನ ತುದಿಯಿಂದ ಕಬ್ಬಿಣವು ನೀಲಿ ಸುರುಳಿಯಾಗಿ ಬಿಚ್ಚಿಕೊಂಡು ಕೆಳಗೆ ಬೀಳುವುದನ್ನು ನೋಡುತ್ತಾ ನಿಂತರೆ ಮನೆ ಮರೆತು ಹೋಗುತ್ತಿತ್ತು.

"ಅಲ್ಲೇ ಇರು. ದುಪಟ್ಟಾ ಸಿಕ್ಕಿದ್ರೆ ಕುತ್ತಿಗೇನೂ ಎಳ್ಕೊಂಡು ಹೋಗ್ತದೆ," ಅನ್ನುತ್ತಿದ್ದರು ಅಬ್ಬಾ.

ಒಂದು ದಿನ ಅವಳು ದುಪಟ್ಟಾ ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸಿ ಒಳಗೆ ಹೋದಳು. ಆಗ ಅವಳಿಗೆ ಹದಿನೈದು. ಅಬ್ಬಾ ಲೇತ್ ನಿಲ್ಲಿಸಿದರು, ಕ್ಯಾರಿಯರ್ ತೆಗೆದುಕೊಂಡರು. ಮಾರನೇ ದಿನದಿಂದ ಊಟ ತರುವ ಕೆಲಸ ಆಸಿಮ್‌ಗೆ ಹೋಯಿತು. ಅವನಿಗೆ ಹನ್ನೊಂದು ವರ್ಷ. ತಿಂಗಳು ಕಳೆಯುವುದರೊಳಗೆ ಅವನನ್ನು ಒಂದು ಮಣೆಯ ಮೇಲೆ ನಿಲ್ಲಿಸಿ ಅಬ್ಬಾ ಲೇತಿನ ಹಿಡಿ ತಿರುಗಿಸುವುದನ್ನು ಕಲಿಸುತ್ತಿದ್ದಾರೆ ಅಂತ ಅಮ್ಮ ಹೆಮ್ಮೆಯಿಂದ ಪಕ್ಕದ ಮನೆಯವರಿಗೆ ಹೇಳಿದಳು. ಒಳಗೆ ಲೆಕ್ಕ ಮಾಡುತ್ತಾ ಕೂತಿದ್ದ ಮುಸರ್ರತ್‌ಗೆ ಅದು ಕೇಳಿಸಿತು. ಅವತ್ತು ಹೊಟ್ಟೆಯಲ್ಲಿ ಎದ್ದ ಉರಿ ಆಮೇಲೆ ಪೂರ್ತಿ ಆರಲೇ ಇಲ್ಲ. ಬಿಎಸ್ಸಿ ಆಯಿತು, ಬಿಎಡ್ ಆಯಿತು, ಕೆಲಸ ಸಿಕ್ಕಿತು, ಮದುವೆ, ಮಗಳು, ಮಗಳ ಮದುವೆ. ತಮ್ಮನ ಕೈಬೆರಳ ಸಂದಿಯಲ್ಲಿ ಕಪ್ಪಗೆ ಕೂತಿರುತ್ತಿದ್ದ ಎಣ್ಣೆಯನ್ನು ನೋಡಿದಾಗಲೆಲ್ಲ ಅದು ಮತ್ತೆ ಹತ್ತಿಕೊಳ್ಳುತ್ತಿತ್ತು.

ಅಬ್ಬಾ ತೀರಿಕೊಂಡು ಆರು ತಿಂಗಳಿಗೆ ಆಸಿಮ್ ಅಂಗಡಿ ಮುಚ್ಚಿದ. ಚಿಕ್ಕಬಳ್ಳಾಪುರಕ್ಕೆ ಹೋಗಿ ಟೈಲ್ಸ್ ಮತ್ತು ಗ್ರಾನೈಟ್ ಅಂಗಡಿ ಹಾಕಿದ. ಲೇತ್ ಏನಾಯಿತು ಅಂತ ಅವಳು ಕೇಳಿದ್ದಕ್ಕೆ "ಹಿಂದೂಪುರದವರು ತಗೊಂಡು ಹೋದ್ರು" ಅಂದ. ಕೊಡುವ ಮುಂಚೆ ಅವಳಿಗೆ ಒಂದು ಮಾತು ಹೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಹದಿನೈದು ವರ್ಷದ ಹಿಂದಿನ ಮಾತು ಇದು.

ಆದ್ದರಿಂದ ಮೊದಲ ಸಲ ಲೇತ್ ನೋಡಲು ಅವಳು ವಾಸಿಫ್‌ನನ್ನೇ ಕರೆದುಕೊಂಡು ಹೋದಳು. ಗೌರಿಬಿದನೂರಿನಲ್ಲಿ ಕೋನಪ್ಪ ಅನ್ನುವವರು ಮುಚ್ಚಿಹೋದ ವರ್ಕ್‌ಶಾಪುಗಳಿಂದ ಹಳೇ ಮಿಷಿನ್ನು ಕೊಂಡು ಮಾರುತ್ತಿದ್ದರು. ತಗಡಿನ ದೊಡ್ಡ ಶೆಡ್ಡು, ಅದರೊಳಗೆ ಸಾಲಾಗಿ ಆರೇಳು ಲೇತು. ಎಲ್ಲಕ್ಕೂ ಹೊಸದಾಗಿ ಹಸಿರು ಪೇಂಟ್ ಬಳಿದಿತ್ತು. ಕೋನಪ್ಪ ವಾಸಿಫ್‌ನ ಹೆಗಲ ಮೇಲೆ ಕೈ ಹಾಕಿ ಒಂದೊಂದನ್ನೇ ತೋರಿಸಿದರು. ಗೇರಿನ ವಿಷಯ ಹೇಳಿದರು, ಮೋಟಾರಿನ ವಿಷಯ ಹೇಳಿದರು. ವಾಸಿಫ್ ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ "ನಂಗೆ ಗೂಡು ಬಿಟ್ರೆ ಏನೂ ಗೊತ್ತಾಗಲ್ಲ ಅಣ್ಣ. ತಗೊಳ್ಳೋರು ಇವರು," ಅಂತ ಹೆಂಡತಿಯನ್ನು ತೋರಿಸಿದ.

ಕೋನಪ್ಪ ಮುಸರ್ರತ್‌ನನ್ನು ನೋಡಿದರು. "ಅಮ್ಮ, ಇದು ಬಟ್ಟೆ ಹೊಲಿಯೋ ಮಿಷಿನ್ ಅಲ್ಲ," ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದೇನಲ್ಲ, ತಿಳಿಸಿ ಹೇಳುವ ದನಿಯಲ್ಲೇ ಅಂದರು.

ಮುಸರ್ರತ್ ಹತ್ತಿರದ ಲೇತಿನ ಮುಂದೆ ಬಗ್ಗಿದಳು. ಲೇತಿನ ಉದ್ದಕ್ಕೂ ಹಳಿಯಂತೆ ಚಾಚಿರುವ ಭಾಗಕ್ಕೆ ಬೆಡ್ ಅನ್ನುತ್ತಾರೆ. ಟೂಲ್ ಹಿಡಿಯುವ ಭಾಗ ಅದರ ಮೇಲೇ ಜಾರಬೇಕು. ಜೀವನವಿಡೀ ಚಕ್ಕಿನ ಹತ್ತಿರವೇ ಕೆಲಸ ನಡೆಯುವುದರಿಂದ ಬೆಡ್ಡು ಅಲ್ಲೇ ಸವೆಯುವುದು. ಅವಳು ಉಗುರನ್ನು ಆ ತುದಿಯಿಂದ ಈ ತುದಿಗೆ ಎಳೆದಳು. ಚಕ್ಕಿನಿಂದ ಒಂದು ಗೇಣು ದೂರದಲ್ಲಿ ಉಗುರು ಟಕ್ಕನೆ ಮೆಟ್ಟಿಲಿಗೆ ತಾಗಿದಂತೆ ನಿಂತಿತು.

"ಇಲ್ಲಿ ಸವೆದಿದೆ," ಅಂದಳು.

"ಅದು ಪೇಂಟು."

"ಬೆಡ್ ಮೇಲೆ ಯಾರೂ ಪೇಂಟ್ ಹೊಡಿಯಲ್ಲ ಅಲ್ವಾ?"

ಉಳಿದ ಲೇತುಗಳಲ್ಲೂ ಹೆಚ್ಚು ಕಡಿಮೆ ಅದೇ ಕಥೆ. ಕೋನಪ್ಪನವರಿಗೆ ಬೇಜಾರಾಯಿತು. "ಮಿಷಿನ್ ಗೊತ್ತಿರೋ ಗಂಡಸರು ಯಾರನ್ನಾದ್ರೂ ಕರ್ಕೊಂಡು ಬನ್ನಿ ಮೇಡಂ, ಮಾತಾಡಣ," ಅಂದು ಫೋನ್ ಕಿವಿಗಿಟ್ಟುಕೊಂಡು ಆಚೆ ಹೋದರು. ಮುಸರ್ರತ್ ಹೇಳಿದ್ದು ಸರಿ ಅನ್ನುವುದು ಅವರ ಮುಖದಲ್ಲೇ ಗೊತ್ತಾಗಿತ್ತು. ಆದರೂ ವಾಪಸ್ ಬರುವಾಗ ಬಸ್ಸಿನಲ್ಲಿ ಅವಳಿಗೆ ಅಳು ಬರುವಂತಾಯಿತು. ಮುಂದಿನ ವಾರ ಇನ್ನೂ ಎರಡು ಕಡೆ ಫೋನ್ ಮಾಡಿದಳು. ಹೆಂಗಸಿನ ದನಿ ಕೇಳಿ ಒಬ್ಬರು ಮಿಷಿನ್ ಮಾರಿಹೋಗಿದೆ ಅಂದರು. ವಾಸಿಫ್ ಫೋನ್ ಮಾಡಿದಾಗ ಇದೆ ಅಂದರು. ಆಮೇಲೆ ಅವಳು ತಾನಾಗಿಯೇ ಆಸಿಮ್‌ಗೆ ಲೇತ್ ನೋಡಲು ಬಾ ಅಂದಳು.

ಆಸಿಮ್ ಮಂಚೇನಹಳ್ಳಿಗೆ ಬಿಳೀ ಶರ್ಟ್ ಹಾಕಿಕೊಂಡು ಬಂದ. ನಲವತ್ತೆಂಟರ ಗಂಡಸು, ಸ್ವಲ್ಪ ಹೊಟ್ಟೆ ಬಂದಿದೆ, ಕೈಬೆರಳು ಈಗ ಸ್ವಚ್ಛ. ಅಲ್ಲಿ ವೆಂಕಟರಾಯಪ್ಪ ಎಂಬ ವಯಸ್ಸಾದ ಮೆಕ್ಯಾನಿಕ್ ತಮ್ಮ ಲೇತನ್ನು ಮಾರುತ್ತಿದ್ದರು. ಮುಸರ್ರತ್ ಒಂದು ಗಂಟೆ ಮುಂಚೆಯೇ ಹೋಗಿ, ಡಯಲ್ ಗೇಜ್ ಹಚ್ಚಿ, ಅಳೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಬೆಡ್ ಚೆನ್ನಾಗಿತ್ತು. ಹಿಡಿಗಳು ಸಡಿಲವಾಗಿ ಅಲ್ಲಾಡುತ್ತಿರಲಿಲ್ಲ. ತಮ್ಮ ಬರುವುದರೊಳಗೆ ಇದೇ ಆಗಲಿ ಅಂತ ತೀರ್ಮಾನ ಮಾಡಿಯೂ ಆಗಿತ್ತು.

ಆಸಿಮ್ ಬಂದು ಲೇತನ್ನು ಸುಮ್ಮನೆ ಒಂದು ಸುತ್ತು ಬಂದ. "ಹಾಕಿ ಅಣ್ಣ," ಅಂದ. ವೆಂಕಟರಾಯಪ್ಪ ಸ್ವಿಚ್ ಹಾಕಿದರು. ಆಸಿಮ್ ಅಂಗಳದ ಸೀಬೆ ಮರದಿಂದ ಒಂದು ಕಾಯಿ ಕಿತ್ತು ತಿನ್ನುತ್ತಾ ಹತ್ತು ನಿಮಿಷ ಆಚೆಯೇ ನಿಂತಿದ್ದ. ಆಮೇಲೆ ಒಳಗೆ ಬಂದು ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ.

"ಬೇಡ ಆಪಾ," ಅಂದ. "ಹಿಂದಿನ ಬೇರಿಂಗ್ ಹೋಗಿದೆ. ತಣ್ಣಗಿದ್ದಾಗ ಗೊತ್ತಾಗಲ್ಲ. ಬಿಸಿ ಆದ್ಮೇಲೆ ಅಳ್ತದೆ."

ವೆಂಕಟರಾಯಪ್ಪ ನಕ್ಕರು. "ಯಾರಪ್ಪ ನೀನು? ಷರೀಫ್ ಸಾಬರ ಮಗನಾ? ಹಂಗೇ ಕಿವಿ ಕೊಟ್ಟು ಕೇಳ್ತಿದ್ರು ಅವರೂವೆ." ಆಮೇಲೆ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು, ಬೇರಿಂಗ್ ಬದಲಾಯಿಸಬೇಕು, ಈ ಮಾಡೆಲ್ಲಿಗೆ ಈಗ ಸಿಗುವುದಿಲ್ಲ. ಚಹಾ ತರಿಸಿದರು. ಮಾತಿನ ಮಧ್ಯೆ ಆಸಿಮ್ ಚಕ್ಕಿನಲ್ಲಿದ್ದ ಒಂದು ತುಂಡಿಗೆ ಟೂಲ್ ತಾಗಿಸಿದ. ಎಷ್ಟು ಆಳ ಅಂತ ಅಳೆಯಲೂ ಇಲ್ಲ, ನೆಟ್ಟಗೆ ನೋಡಲೂ ಇಲ್ಲ. ಟೂಲ್ ಆಚೆ ಬಂದಾಗ ಆ ತುಂಡಿನ ಮುಖ ಕನ್ನಡಿಯ ಹಾಗಿತ್ತು.

"ಎಷ್ಟು ವರ್ಷ ಆಯ್ತು ನೀನು ಮುಟ್ಟಿ?" ಮುಸರ್ರತ್ ಕೇಳಿದಳು.

"ಅಬ್ಬಾ ಹೋದ್ಮೇಲೆ ಮುಟ್ಟೇ ಇಲ್ಲ," ಅಂದ ಅವನು ಕೈ ಒರೆಸಿಕೊಳ್ಳುತ್ತಾ.

ವಾಪಸ್ ಬರುವಾಗ ಕಾರಿನಲ್ಲಿ ಅವಳು ನೋಟ್‌ಬುಕ್ಕನ್ನು ಬ್ಯಾಗಿನ ತಳಕ್ಕೆ ತುರುಕಿದಳು. ನಂದಿ ಹತ್ತಿರ ಅವನು ಕಾರು ನಿಲ್ಲಿಸಿ ದ್ರಾಕ್ಷಿ ಕೊಂಡು ಅವಳ ಮಡಿಲಿಗಿಟ್ಟ. ಅದನ್ನು ಅವಳು ಮುಟ್ಟಲೂ ಇಲ್ಲ. ಮೂರು ವರ್ಷ ಓದಿದ್ದು, ಬರೆದದ್ದು, ಅಳೆದದ್ದು ಎಲ್ಲಾ ಅವನ ಒಂದು ಕಿವಿಗೆ ಸಮ ಇರಲಿಲ್ಲ. ಆ ಕಿವಿ ಅವನು ಕೇಳಿ ಪಡೆದದ್ದಲ್ಲ. ಪಡೆದ ಮೇಲೆ ಇಟ್ಟುಕೊಳ್ಳಲೂ ಇಲ್ಲ, ಟೈಲ್ಸ್ ಮಾರುತ್ತಾ ಕೂತಿದ್ದಾನೆ. ತನಗೆ ಕೊಟ್ಟಿದ್ದರೆ? ಇನ್ನು ಮುಂದೆ ಅವನನ್ನು ಕರೆಯುವುದಿಲ್ಲ ಅಂತ ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ವಾಸಿಫ್ ಗೂಡಿನ ಮಾರುಕಟ್ಟೆಯಿಂದ ಒಂದು ಸುದ್ದಿ ತಂದ. ಸಾದಲಿಯ ಅಮ್ಮಾಜಮ್ಮ ಅನ್ನುವ ಹೆಂಗಸು ಹುಳು ಮೇಯಿಸಿ ಗೂಡು ತರುವವರು. ಅವರ ಗಂಡ ಹೊಲದ ಪಂಪಿಗೂ ಟ್ರ್ಯಾಕ್ಟರಿಗೂ ಬೇಕಾದ್ದನ್ನು ತಾವೇ ಮಾಡಿಕೊಳ್ಳಲೆಂದು ಒಂದು ಸಣ್ಣ ಲೇತ್ ಇಟ್ಟಿದ್ದರಂತೆ. ಅವರು ತೀರಿಕೊಂಡು ವರ್ಷವಾಯಿತು. ಈಗ ಅದನ್ನು ಕೊಡುತ್ತಾರಂತೆ.

ಮುಸರ್ರತ್ ಭಾನುವಾರ ಬೆಳಗ್ಗೆ ಒಬ್ಬಳೇ ಬಸ್ ಹತ್ತಿ ಸಾದಲಿಗೆ ಹೋದಳು. ಹಿಪ್ಪುನೇರಳೆ ತೋಟದ ನಡುವೆ ಮನೆ, ಪಕ್ಕದಲ್ಲಿ ಹುಳು ಸಾಕುವ ಮನೆ, ಅದಕ್ಕೆ ಒತ್ತಿಕೊಂಡು ಒಂದು ಕೋಣೆ. ಅಮ್ಮಾಜಮ್ಮ ಸೊಪ್ಪಿನ ಹೊರೆ ಇಳಿಸುತ್ತಾ "ಎವುರಮ್ಮಾ?" ಅಂತ ತೆಲುಗಿನಲ್ಲಿ ಯಾರೆಂದು ಕೇಳಿ, ಆಮೇಲೆ ಕನ್ನಡಕ್ಕೆ ತಿರುಗಿದರು. ಎಪ್ಪತ್ತರ ಹತ್ತಿರದ, ಗಟ್ಟಿ ಮೈಯ ಹೆಂಗಸು. ಲೇತಿಗೆ ಹಳೇ ಸೀರೆ ಹೊದಿಸಿದ್ದರು. ಸೀರೆ ಎಳೆದರೆ ಕೆಳಗೆ ಒಂದು ಚುಕ್ಕೆ ತುಕ್ಕಿಲ್ಲ. ವರ್ಷದಿಂದ ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಿದ್ದರಂತೆ. ಉಗುರು ಆ ತುದಿಯಿಂದ ಈ ತುದಿಗೆ ಎಲ್ಲೂ ತಡೆಯದೆ ಜಾರಿತು. ಮುಸರ್ರತ್ ಸ್ವಿಚ್ ಹಾಕಿ ಹತ್ತು ನಿಮಿಷ ಬಿಟ್ಟಳು. ಸ್ಕ್ರೂಡ್ರೈವರನ್ನು ಕಿವಿಗೂ ಇಟ್ಟುಕೊಂಡಳು. ಒಂದೇ ಸಮನೆ ಝುಂಯ್ ಅನ್ನುತ್ತಿತ್ತು. ಅದು ಒಳ್ಳೆಯ ಶಬ್ದವೋ ಕೆಟ್ಟದ್ದೋ ಅವಳಿಗೆ ಗೊತ್ತಾಗಲಿಲ್ಲ.

"ತುಂಬಾ ಜನ ಕೇಳಿದ್ರು," ಅಂದರು ಅಮ್ಮಾಜಮ್ಮ. "ನಂಗೆ ಒಂದೇ ಮಾತು. ಇದರ ಮೇಲೆ ಕೆಲಸ ಮಾಡೋರಿಗೆ ಕೊಡ್ತೀನಿ. ಗುಜರಿಗೆ ಹಾಕೋರಿಗೆ ಕೊಡಲ್ಲ. ನೀನು ಏನು ಮಾಡ್ತೀಯಮ್ಮಾ ಇದನ್ನ?"

"ಕಲೀತೀನಿ," ಅಂದಳು ಮುಸರ್ರತ್.

ಅಮ್ಮಾಜಮ್ಮನಿಗೆ ಆ ಉತ್ತರ ಹಿಡಿಸಿತು. ಆದರೆ ಅಣ್ಣನ ಮಗ ಸುನೀಲ್‌ಕುಮಾರನನ್ನು ಒಂದು ಮಾತು ಕೇಳಿ ಎರಡು ದಿನದಲ್ಲಿ ಹೇಳುತ್ತೇನೆ ಅಂದರು.

ಮಾರನೇ ಸಂಜೆ ಆಸಿಮ್‌ನ ಫೋನ್ ಬಂತು. "ಆಪಾ, ಸಾದಲಿಯಲ್ಲಿ ಒಂದು ಲೇತ್ ಇದೆಯಂತೆ. ನಮ್ಮಲ್ಲಿ ಟೈಲ್ಸ್ ತಗೊಳ್ಳೋ ಸುನೀಲ್‌ಕುಮಾರ್ ಅಂತ, ಅವರತ್ತೆದು. ಒಳ್ಳೆ ಮಿಷಿನ್ ಅಂತೆ. ಹೋಗಣವಾ?"

ಮುಸರ್ರತ್‌ಗೆ ರೇಗಿತು. ಈ ಲೇತನ್ನು ತಾನು ಹುಡುಕಿದ್ದು. ಇದಕ್ಕೂ ಅವನು ಬಂದು ಕಣ್ಣು ಮುಚ್ಚಿ ಕಿವಿ ಇಟ್ಟು ಬೇಕು ಬೇಡ ಹೇಳಬೇಕೇ? "ನಂಗೆ ಲೇತೇ ಬೇಡ ಅನ್ನಿಸ್ಬಿಟ್ಟಿದೆ ಕಣೋ," ಅಂದಳು. "ಆ ಆಸೆ ಬಿಟ್ಟೆ."

"ಹೌದಾ?" ಅಂದ ಆಸಿಮ್. "ಹಂಗಾದ್ರೆ ನಾನೇ ತಗೊಳ್ಳಾ ಅಂತ. ಮಂಚೇನಹಳ್ಳಿಯಿಂದ ಬಂದ್ಮೇಲೆ ಯಾಕೋ ಕೈ ಸುಮ್ಮನಿರ್ತಿಲ್ಲ. ಬುಧವಾರ ಹೋಗಿ ನೋಡ್ಕೊಂಡು ಬರ್ತೀನಿ."

ಮಂಗಳವಾರ ಮುಸರ್ರತ್ ರಜೆ ಹಾಕಿ ಮೊದಲ ಬಸ್ಸಿಗೇ ಸಾದಲಿಗೆ ಹೋದಳು. ಅಮ್ಮಾಜಮ್ಮ ರಾಗಿ ರೊಟ್ಟಿ ಕೊಟ್ಟು ಕೂರಿಸಿದರು. ಸುನೀಲ್‌ಕುಮಾರ್ ಬೇರೆ ಯಾರನ್ನೋ ಕಳಿಸುತ್ತಾನಂತೆ, ಅವರೂ ನೋಡಿಕೊಂಡು ಹೋಗಲಿ, ಆಮೇಲೆ ಹೇಳುತ್ತೇನೆ ಅಂದರು.

ಮುಸರ್ರತ್ ರೊಟ್ಟಿ ಕೆಳಗಿಟ್ಟಳು. "ಚಿಕ್ಕಬಳ್ಳಾಪುರದೋರು ತಾನೇ? ಅವರು ನಂಗೆ ಗೊತ್ತು," ಅಂದಳು. "ಅವರು ಇಟ್ಕೊಳ್ಳಲ್ಲ ಅಮ್ಮ. ಒಡೆದು ಬೀಡು ಕಬ್ಬಿಣದ ಲೆಕ್ಕದಲ್ಲಿ ಗುಜರಿಗೆ ಹಾಕ್ತಾರೆ. ಮುಂಚೆ ಒಂದು ಲೇತ್ ಹಾಗೇ ಮಾಡಿದ್ದಾರೆ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಅಮ್ಮಾಜಮ್ಮ ಲೇತಿನ ಕಡೆ ನೋಡಿದರು. ಒಂದು ಗಳಿಗೆಯಲ್ಲಿ ತೀರ್ಮಾನವಾಯಿತು. "ಇವತ್ತೇ ತಗೊಂಡು ಹೋಗು. ಮೊದಲು ಏನು ಮಾಡ್ತೀಯೋ ಅದನ್ನ ನಂಗೆ ತಂದು ತೋರ್ಸು," ಅಂದರು. ಮಧ್ಯಾಹ್ನದೊಳಗೆ ವಾಸಿಫ್ ಒಂದು ಲಗೇಜ್ ಗಾಡಿ, ನಾಲ್ಕು ಜನ ಹಮಾಲರನ್ನು ಕರೆತಂದ. ಲೇತಿನ ಕೆಳಗೆ ಪೈಪುಗಳನ್ನಿಟ್ಟು ಉರುಳಿಸಿ, ಸರಪಳಿ ರಾಟೆ ಹಾಕಿ ಎತ್ತಿ, ಸಂಜೆಗೆ ಹಿತ್ತಲ ಶೆಡ್ಡಿಗೆ ಇಳಿಸಿದರು.

ಬುಧವಾರ ಸಾಯಂಕಾಲ ಆಸಿಮ್ ಮನೆಗೆ ಬಂದ. ಮುಸರ್ರತ್ ಶೆಡ್ಡಿನಲ್ಲಿ ಲೇತಿಗೆ ಮಟ್ಟ ನೋಡುತ್ತಿದ್ದಳು. ಅವನನ್ನು ಕಂಡು ಏಳಲಿಲ್ಲ. ಅವನು ಜಗಳಕ್ಕೆ ಬಂದಿದ್ದಾನೆ ಅಂದುಕೊಂಡಿದ್ದಳು. ಹೇಳಬೇಕಾದ್ದನ್ನೆಲ್ಲ ಸಿದ್ಧ ಮಾಡಿಕೊಂಡಿದ್ದಳು: ಮೊದಲು ನೋಡಿದ್ದು ನಾನು, ನಿಂಗೆ ಒಂದು ಲೇತ್ ಇತ್ತು, ನೀನು ಅದನ್ನ ಮಾರ್ಕೊಂಡೆ.

ಆಸಿಮ್ ಗೋಡೆಗೆ ಒರಗಿ ನಿಂತ. "ಆ ಅಮ್ಮ ನಂಗೆ ನೀರೂ ಕೊಡ್ಲಿಲ್ಲ. ಗೇಟಲ್ಲೇ ನಿಲ್ಲಿಸಿ, ಮಿಷಿನ್ ಒಡೆಯೋನು ನೀನೇನಾ ಅಂದ್ರು. ಮೇಡಂ ಎಲ್ಲಾ ಹೇಳಿದ್ದಾರೆ ಅಂದ್ರು." ಆಮೇಲೆ ಕೇಳಿದ, "ಆಪಾ, ನಿಂಗೆ ಹೇಗೆ ಗೊತ್ತಾಯ್ತು?"

"ಏನು?"

"ಅಬ್ಬಾ ಅವರ ಲೇತ್ ಒಡೆಸಿದ್ದು."

ಹದಿನೈದು ವರ್ಷದಿಂದ ಮುಸರ್ರತ್‌ನ ಲೆಕ್ಕದಲ್ಲಿ ಆ ಲೇತ್ ಹಿಂದೂಪುರದಲ್ಲಿ ಯಾರದೋ ಅಂಗಡಿಯಲ್ಲಿ ತಿರುಗುತ್ತಿತ್ತು.

"ಹಿಂದೂಪುರದೋರು ಬಂದಿದ್ದು ನಿಜ," ಅಂದ ಆಸಿಮ್. "ಬೆಡ್ ಸವೆದಿದೆ ಅಂತ ಬಿಟ್ಟು ಹೋದ್ರು. ಆಮೇಲೆ ಗುಜರಿಯವನು ಬಂದ, ದೊಡ್ಡ ಸುತ್ತಿಗೆ ತಂದಿದ್ದ. ಅಂಗಡಿ ಮುಂದೇನೇ ಒಡೆದ. ನಾನು ನಿಂತ್ಕೊಂಡು ನೋಡ್ದೆ."

"ಯಾಕೆ ನಿಂತ್ಕೊಂಡೆ?"

"ನೋಡ್ಬೇಕು ಅನ್ನಿಸ್ತು." ಅವನು ಹೊಸ ಲೇತಿನ ಕಡೆ ನೋಡದೆ ನೆಲ ನೋಡುತ್ತಾ ಹೇಳಿದ. "ನಿಂಗೆ ಗೊತ್ತಿಲ್ಲ. ಕೂದಲೆಳೆಯಷ್ಟು ಜಾಸ್ತಿ ಕಡೆದ್ರೆ ನನ್ನ ಕಿವಿ ಹಿಡಿದು ಅದೇ ಬೆಡ್ಡಿಗೆ ತಲೆ ತಾಗಿಸ್ತಿದ್ರು. ಎಸ್ಸೆಸ್ಸೆಲ್ಸಿ ಆದ್ಮೇಲೆ ಓದ್ತೀನಿ ಅಂದೆ, ಮನೆಗೆ ಒಬ್ಬರು ಓದಿದ್ರೆ ಸಾಕು ಅಂದ್ರು. ನಿನ್ನ ಮಾರ್ಕ್ಸ್ ಕಾರ್ಡನ್ನ ಜೆರಾಕ್ಸ್ ಮಾಡ್ಸಿ ಲೇತ್ ಎದುರಿನ ಗೋಡೆಗೆ ಅಂಟಿಸಿದ್ರು. ಗಣಿತ, ನೂರಕ್ಕೆ ತೊಂಬತ್ತೆಂಟು. ಅದನ್ನೇ ನೋಡ್ಕೊಂಡು ಕೆಲಸ ಮಾಡ್ತಿದ್ದೆ, ಬೆಳಗ್ಗೆಯಿಂದ ಸಂಜೆ ತನಕ."

ಬಾಗಿಲ ಬಳಿ ನಿಂತರೆ ಆ ಗೋಡೆ ಕಾಣುತ್ತಿರಲಿಲ್ಲ. ಅದನ್ನು ಮುಸರ್ರತ್ ಯಾವತ್ತೂ ನೋಡಿರಲೇ ಇಲ್ಲ. ತಮ್ಮನ ಮಾತು ಕೇಳಿ ಅವಳಿಗೆ ಮೊದಲು ಬಂದದ್ದು ಕರುಣೆಯಲ್ಲ. ಕಿವಿ ಹಿಡಿದಾದರೂ ಅಬ್ಬಾ ಇವನಿಗೆ ಕಲಿಸಿದರಲ್ಲ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿ ಅವಳು ನಿಜ ಹೇಳಿದಳು.

"ನಂಗೆ ಏನೂ ಗೊತ್ತಿರ್ಲಿಲ್ಲ. ನೀನು ಒಡೆಸ್ತೀಯ ಅಂತ ಸುಮ್ಮನೆ ಸುಳ್ಳು ಹೇಳ್ದೆ. ಇದು ನಿಂಗೆ ಸಿಗಬಾರದು ಅಂತ."

"ನಂಗೆ ಸಿಕ್ಕಿದ್ರೆ ನಿನಗೇನಾಗ್ತಿತ್ತು?" ಅಂದ ಆಸಿಮ್. ಅವಳು ಉತ್ತರ ಹೇಳುವ ಮುಂಚೆಯೇ ಹೊರಟುಹೋದ. ರಂಜಾನ್ ಬಂತು, ಹೋಯಿತು. ಹಬ್ಬದ ದಿನವೂ ಅವನು ಶಿಡ್ಲಘಟ್ಟಕ್ಕೆ ಬರಲಿಲ್ಲ. ಹೆಂಡತಿ ಜಬೀನ್ ಮಾತ್ರ ಬಂದು ಹೋದಳು.

ಮುಸರ್ರತ್ ಭಾನುವಾರಗಳಲ್ಲಿ ಕಲಿತಳು. ಗಿಡ್ಡ ತೋಳಿನ ಕೋಟು ಹೊಲಿಸಿಕೊಂಡು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಮೊದಮೊದಲು ಟೂಲ್ ಕಿರುಚುತ್ತಿತ್ತು, ತುಂಡಿನ ಮೇಲೆ ಗೀರು ಬೀಳುತ್ತಿತ್ತು. ನಿಧಾನವಾಗಿ ಕೈ ಕೂತಿತು. ಮೂರನೇ ತಿಂಗಳಿಗೆ ಹಿತ್ತಾಳೆಯದೊಂದು ಬುಗುರಿ ಮಾಡಿದಳು. ಅದು ನೆಲದ ಮೇಲೆ ಎರಡು ನಿಮಿಷಕ್ಕೂ ಹೆಚ್ಚು ತಿರುಗಿತು. ಆದರೆ ಬೋಲ್ಟಿಗೆ ಇರುವಂಥ ತ್ರೆಡ್ ಕಡೆಯಲು ಮಾತ್ರ ಏನು ಮಾಡಿದರೂ ಬರಲಿಲ್ಲ. ಲೆಕ್ಕ ಪ್ರಕಾರ ಎಲ್ಲ ಸರಿ ಇರುತ್ತಿತ್ತು, ಎರಡನೇ ಸಲ ಟೂಲ್ ಹೋದಾಗ ಮೊದಲಿನ ಗೆರೆ ತಪ್ಪುತ್ತಿತ್ತು.

ಬುಗುರಿಯನ್ನು ಅಮ್ಮಾಜಮ್ಮನಿಗೆ ತೋರಿಸಲು ಹೋದಳು. ಅವರು ಅದನ್ನು ಜಗಲಿಯ ಮೇಲೆ ಬಿಟ್ಟು, ನಿಲ್ಲುವವರೆಗೂ ನೋಡಿದರು. ಆಗ ಮುಸರ್ರತ್ ತಾನು ಹೇಳಿದ ಸುಳ್ಳನ್ನು ಹೇಳಿದಳು. ಅವನು ತನ್ನ ಸ್ವಂತ ತಮ್ಮ ಅಂತಲೂ ಹೇಳಿದಳು.

ಅಮ್ಮಾಜಮ್ಮ ಬುಗುರಿಯನ್ನು ಸೆರಗಿನಲ್ಲಿ ಒರೆಸಿದರು. "ಸುಳ್ಳು ಹೇಳ್ದೆ ಇದ್ರೂ ನಿನಗೇ ಕೊಡ್ತಿದ್ನಲ್ಲಮ್ಮ," ಅಂದರು. "ಮೊದಲು ಬಂದೋಳು ನೀನು. ಸುನೀಲನ ಮಾತು ಉಳಿಸೋಕೆ ಅವನು ನೋಡ್ಕೊಂಡು ಹೋಗ್ಲಿ ಅಂದೆ, ಅಷ್ಟೇ." ಆಮೇಲೆ ಅವರ ಮುಖ ಗಂಟಿಕ್ಕಿತು. "ಮನೆ ಬಾಗಿಲಿಗೆ ಬಂದೋನಿಗೆ ನೀರು ಕೊಡ್ದೆ ಕಳಿಸ್ದೆ. ಇಷ್ಟು ವರ್ಷದಲ್ಲಿ ನಾನು ಹಂಗೆ ಮಾಡಿದ್ದಿಲ್ಲ. ಅದು ನಿನ್ನಿಂದ. ಅವನನ್ನ ಕರ್ಕೊಂಡು ಬಾ, ಒಂದು ಹೊತ್ತು ಊಟ ಹಾಕ್ಬೇಕು. ಅಲ್ಲೀತನಕ ನೀನೂ ಬರ್ಬೇಡ."

ಹೀಗೆ ಮುಸರ್ರತ್ ಚಿಕ್ಕಬಳ್ಳಾಪುರಕ್ಕೆ ಹೋಗಿ ತಮ್ಮನ ಅಂಗಡಿಯಲ್ಲಿ, ಗ್ರಾನೈಟ್ ಚಪ್ಪಡಿಗಳ ನಡುವೆ ನಿಂತು ಅಮ್ಮಾಜಮ್ಮನ ಮಾತನ್ನು ಒಪ್ಪಿಸಿದಳು. ಗಿರಾಕಿಗಳು ಹೋಗುವವರೆಗೆ ಆಸಿಮ್ ಅವರಿಗೆ ಟೈಲ್ಸ್ ತೋರಿಸುತ್ತಲೇ ಇದ್ದ. ಕ್ಷಮೆ ಕೇಳಬೇಕೆಂದು ಬಂದವಳು ಕೇಳಿದ್ದು ಬೇರೆ. "ತ್ರೆಡ್ ಬರ್ತಿಲ್ಲ ಕಣೋ," ಅಂದಳು.

"ಎರಡನೇ ಸಲ ಗೆರೆ ತಪ್ತಿದೆಯಾ?"

"ಹೂಂ."

"ಮಧ್ಯದಲ್ಲಿ ಹಿಡಿ ಬಿಡಿಸ್ತಿದ್ದೀಯ. ಬಿಡಿಸ್ಬಾರದು, ಮಿಷಿನ್ನನ್ನೇ ಉಲ್ಟಾ ತಿರುಗಿಸಿ ಟೂಲ್ ವಾಪಸ್ ತರ್ಬೇಕು." ಅವನ ಬಲಗೈ ಗಾಳಿಯಲ್ಲಿ ಇಲ್ಲದ ಹಿಡಿಯನ್ನು ತಿರುಗಿಸಿ ತೋರಿಸಿತು. ಅದನ್ನು ತಾನೇ ಗಮನಿಸಿ ಕೈಯನ್ನು ಜೇಬಿಗೆ ಹಾಕಿಕೊಂಡ. "ಶುಕ್ರವಾರ ಅಂಗಡಿ ರಜ. ಬರ್ತೀನಿ," ಅಂದ.

ಸಾದಲಿಯ ಊಟವೂ ಆಯಿತು. ಅಮ್ಮಾಜಮ್ಮ ಅವನಿಗೆ ಮುದ್ದೆ ಮೇಲೆ ಮುದ್ದೆ ಬಡಿಸಿ ಏಳಲು ಬಿಡಲಿಲ್ಲ. ಅಲ್ಲಿಂದೀಚೆಗೆ ಆಸಿಮ್ ಶುಕ್ರವಾರ ಜುಮಾ ನಮಾಜು ಮುಗಿಸಿ ಶಿಡ್ಲಘಟ್ಟಕ್ಕೆ ಬರುತ್ತಾನೆ. ಸ್ಕೂಲ್ ಮುಗಿಸಿ ಮುಸರ್ರತ್ ಬರುವ ತನಕ ವಾಸಿಫ್ ಜೊತೆ ಚಹಾ ಕುಡಿಯುತ್ತಾ ಕಾಯುತ್ತಾನೆ. ಅವನು ಕಲಿಸುವಾಗ ಬೇಗ ರೇಗುತ್ತಾನೆ. "ಆ ಗೇಜ್ ಬಿಡು ಆಪಾ, ಶಬ್ದ ಕೇಳು," ಅನ್ನುತ್ತಾನೆ. "ನಿಂಗೆ ಕೇಳಿಸ್ತದೆ, ನಂಗೆ ಕೇಳಿಸಲ್ಲ," ಅಂತ ಅವಳೂ ರೇಗುತ್ತಾಳೆ. ಅವಳು ಒಂದು ಗಂಟೆ ತೆಗೆದುಕೊಂಡು ಮಾಡಿದ್ದನ್ನು ಅವನು ಹತ್ತು ನಿಮಿಷದಲ್ಲಿ ಮಾಡಿ ಪಕ್ಕಕ್ಕಿಟ್ಟಾಗ ಅವಳಿಗೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ದಿನ ಅದನ್ನು ಅವನಿಗೇ ಹೇಳಿದಳು. ಅವನು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತನ್ನ ಮಗಳ ಕಾಲೇಜಿನ ಲೆಕ್ಕವನ್ನು ಮುಸರ್ರತ್ ಎರಡೇ ಸಾಲಿನಲ್ಲಿ ಬಿಡಿಸಿಕೊಟ್ಟ ದಿನ ತಾನು ಮನೆಗೆ ಹೋಗಿ ಸರಿಯಾಗಿ ಊಟ ಮಾಡಲಿಲ್ಲ ಅಂದ.

ಒಂದು ವಿಷಯದಲ್ಲಿ ಮಾತ್ರ ಮುಸರ್ರತ್ ತನ್ನ ಹಕ್ಕು ಬಿಟ್ಟಿಲ್ಲ. ಲೇತ್ ಅವಳದು. ಆಸಿಮ್ ಎಷ್ಟೇ ಬಲ್ಲವನಾದರೂ ಅವಳ ಮುಖ ನೋಡಿ "ಆಪಾ, ಹಾಕಲಾ?" ಅಂತ ಕೇಳದೆ ಸ್ವಿಚ್ ಮುಟ್ಟುವ ಹಾಗಿಲ್ಲ. ಅವನು ಕೇಳುತ್ತಾನೆ. ಅವಳು ಒಂದು ಉಸಿರಿನಷ್ಟು ಹೊತ್ತು ಕಾಯಿಸುತ್ತಾಳೆ. ಅಷ್ಟು ಕಾಯಿಸುವುದರಲ್ಲಿ ಅವಳಿಗೆ ಒಂದು ಸಂತೋಷವಿದೆ. ಆಮೇಲೆ "ಹಾಕು" ಅನ್ನುತ್ತಾಳೆ.